ಮಸ್ಟಾಂಗ್‌ನ ಹೊಟ್ಟೆಯಡಿಯ ಸಂದು

ಮಸ್ಟಾಂಗ್ ಯುದ್ಧವಿಮಾನದ ಮಾತು ಬಂದಾಗೆಲ್ಲ ಅದರ ಲ್ಯಾಮಿನಾರ್ ರೆಕ್ಕೆಯನ್ನೇ ಹೊಗಳುತ್ತಾರೆ. ನಾನು ಆ ಪಕ್ಷದವನಲ್ಲ. ಅದೇ ಜಾತಿಯ ಮರ್ಲಿನ್ ಎಂಜಿನ್ ಹೊತ್ತ ಸ್ಪಿಟ್‌ಫೈರ್ 9ಕ್ಕಿಂತ ಮಸ್ಟಾಂಗ್ ಗಂಟೆಗೆ ಸುಮಾರು 30 ಮೈಲಿ ಮುಂದಿತ್ತು. ಅದರ ಶ್ರೇಯದಲ್ಲಿ ದೊಡ್ಡ ಪಾಲು ಪೈಲಟ್‌ನ ಬೆನ್ನ ಹಿಂದೆ, ಹೊಟ್ಟೆಯಡಿ ಕೂತ ರೇಡಿಯೇಟರ್ ಗೂಡಿಗೆ ಸಲ್ಲಬೇಕು. ವಿಮಾನ ಕಟ್ಟಿದ ನಾರ್ತ್ ಅಮೆರಿಕನ್ ಕಂಪನಿಯ ಲೀ ಆಟ್‌ವುಡ್ ಅವರೂ ಇಳಿವಯಸ್ಸಿನಲ್ಲಿ ಇದನ್ನೇ ವಾದಿಸಿದರು.

1930ರ ದಶಕದ ನಡುವೆ ಇಂಗ್ಲೆಂಡಿನ ಫಾರ್ನ್‌ಬರೋದ ಸಂಶೋಧಕ ಮೆರೆಡಿತ್ ರೇಡಿಯೇಟರ್‌ನ ಬಿಸಿಗಾಳಿಯಿಂದ ತಳ್ಳು ಪಡೆಯುವ ಲೆಕ್ಕ ಹಾಕಿಕೊಟ್ಟರು, 1940ರ ಅಕ್ಟೋಬರ್‌ನಲ್ಲಿ ಮಸ್ಟಾಂಗ್‌ನ ಮೂಲಮಾದರಿ ಹಾರಿತು. ಚರಿತ್ರೆ ಇಷ್ಟು ಸಾಕು.

ನಮ್ಮ ಮೇಷ್ಟ್ರು ಈ ಗೂಡನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು: ಬಾಯಿ ಚಿಕ್ಕದು, ಒಳಗೆ ಅಗಲ, ಹಿಂದೆ ಮತ್ತೆ ಕಿರಿದು. “ಗಾಳೀನ ಮೊದಲು ನಿಧಾನ ಮಾಡ್ರಯ್ಯಾ, ಆಮೇಲೆ ಕೆಲಸ ಹೇಳಿ” ಅನ್ನುತ್ತಿದ್ದರು. ವೇಗ ಅರ್ಧಕ್ಕಿಳಿದರೆ ರೇಡಿಯೇಟರ್ ಜಾಲರಿಯ ತಡೆ ಹೆಚ್ಚುಕಡಿಮೆ ಕಾಲುಭಾಗಕ್ಕಿಳಿಯುತ್ತದೆ. ಬಿಸಿಯೇರಿ ಉಬ್ಬಿದ ಗಾಳಿ ಹಿಂಬಾಗಿಲಿಂದ ರಭಸವಾಗಿ ನುಗ್ಗಿ ವಿಮಾನವನ್ನು ಒಂದಿಷ್ಟು ಮುಂದಕ್ಕೆ ತಳ್ಳುತ್ತದೆ.

ಆದರೆ ಅವರು ಸೀಮೆಸುಣ್ಣ ಒತ್ತಿ ಮತ್ತೆ ಮತ್ತೆ ಗೀಚುತ್ತಿದ್ದದ್ದು ಗೂಡಿನ ಮೇಲ್ತುಟಿಗೂ ವಿಮಾನದ ಹೊಟ್ಟೆಗೂ ನಡುವಿನ ಸಣ್ಣ ಸಂದನ್ನು. ಮೈಗಂಟಿ ತೆವಳಿ ಬರುವ ಗಾಳಿ, ಅಂದರೆ ಬೌಂಡರಿ ಲೇಯರ್, ಆ ಸಂದಿನಲ್ಲಿ ಹೊರಟುಹೋಗುತ್ತದೆ. ಚುರುಕಾದ ಗಾಳಿಯಷ್ಟೇ ಒಳಕ್ಕೆ. ಸ್ಪಿಟ್‌ಫೈರ್ ಕಟ್ಟಿದವರಿಗೂ ಮೆರೆಡಿತ್ ಲೆಕ್ಕ ತಿಳಿದಿತ್ತು; ಆದರೆ ಅದರ ರೇಡಿಯೇಟರ್ ಬಾಯಿ ರೆಕ್ಕೆಯಡಿಗೇ ಅಂಟಿಕೊಂಡು ಆ ತೆವಳುವ ಗಾಳಿಯನ್ನೇ ನುಂಗುತ್ತಿತ್ತು. ಹರಿಕೇನ್‌ನ ರೇಡಿಯೇಟರ್ ಕೂಡ ಹೊಟ್ಟೆಯಡಿಯೇ ಇತ್ತಲ್ಲ, ಜಾಗವೊಂದರಿಂದ ಏನಾಯಿತು? ಮರ್ಲಿನ್ ಹಾಕಿದ ಮಸ್ಟಾಂಗ್‌ನ ಗೂಡು ಗುಡುಗುಡು ಅದುರತೊಡಗಿದಾಗಲೂ ಕ್ಯಾಲಿಫೋರ್ನಿಯಾದ ಏಮ್ಸ್ ಗಾಳಿಸುರಂಗದಲ್ಲಿ ಸಿಕ್ಕ ಮದ್ದು ಬಾಯಿಯನ್ನು ಇನ್ನಷ್ಟು ಕೆಳಗಿಳಿಸುವುದೇ.

ಎಚ್‌ಎಎಲ್ ಸಂಗ್ರಹಾಲಯದಲ್ಲಿ ಮಾರುತ್ ಯುದ್ಧವಿಮಾನ ನೋಡಿದವರಿಗೆ ಅದನ್ನು ರೂಪಿಸಿದ ಕರ್ಟ್ ಟ್ಯಾಂಕ್ ಹೆಸರು ಹೊಸದಲ್ಲ. ಬೆಂಗಳೂರಿಗೆ ಬರುವ ಎಷ್ಟೋ ಮೊದಲು ಅವರು ಫೋಕೆವುಲ್ಫ್ 190ಡಿ ವಿಮಾನದಲ್ಲಿ ರೇಡಿಯೇಟರನ್ನು ಮೂತಿಗೆ ಬಳೆಯಂತೆ ತೊಡಿಸಿದರು. ಎಂಜಿನ್ ತಣಿಸುವ ನೀರಿನ ಕೊಳವೆ ಗಿಡ್ಡವಾಯಿತು. ಮಸ್ಟಾಂಗ್‌ನಲ್ಲೋ, ಕೊಳವೆಗಳು ಎಂಜಿನ್ನಿನಿಂದ ಪೈಲಟ್‌ನ ಹಿಂದಿನವರೆಗೆ ಹರಿಯುತ್ತವೆ. ಒಂದು ಗುಂಡು ತಗಲಿ ನೀರು ಸೋರಿಹೋದರೆ ಎಂಜಿನ್ ಹೆಚ್ಚು ಹೊತ್ತು ಬಾಳದು.

ಬಿಸಿಗಾಳಿಯ ತಳ್ಳು ಗೂಡಿನ ತಡೆಯನ್ನು ಪೂರ್ತಿ ಮೀರಿತೆಂದು ಕೆಲವರು ಹೇಳುತ್ತಾರೆ. ಬಹುಪಾಲು ತೀರಿಸಿತು ಅನ್ನುವಷ್ಟಕ್ಕೆ ನಾನು ಒಪ್ಪುತ್ತೇನೆ. ಹಾಗಾದರೆ ಆ 30 ಮೈಲಿಯಲ್ಲಿ ರೆಕ್ಕೆಗೆ ಎಷ್ಟು ಬಿಟ್ಟುಕೊಡಬೇಕು? ಒಂದೇ ಮೈಯಲ್ಲಿ ಕೂಡಿಕೊಂಡ ರೆಕ್ಕೆಯನ್ನೂ ಗೂಡನ್ನೂ ಬಿಡಿಸಿ ಅಳೆಯುವುದು ಹೇಗೆ? ನೆಲಕ್ಕೆ ಹತ್ತಿರ ಹಾರಿ ಗುಂಡಿನ ಮಳೆಗೆ ಮೈಯೊಡ್ಡಬೇಕಾದ ಹುಡುಗನಿಗೆ ನಾನು ಆಟ್‌ವುಡ್ ಅವರ ಗೂಡನ್ನೇ ಕೊಡುತ್ತಿದ್ದೆನೇ, ಟ್ಯಾಂಕ್ ಅವರ ಮೂತಿಯನ್ನೇ?