ಮುಕ್ತ ತಂತ್ರಾಂಶವೂ ಜ್ಞಾನದಾಸೋಹವೂ

 

ತುಮಕೂರು ಸೀಮೆಯು ಅನ್ನದಾಸೋಹಕ್ಕೂ ಜ್ಞಾನದಾಸೋಹಕ್ಕೂ ಹೆಸರಾದ ನೆಲ. ಕುಣಿಗಲು ತಾಲ್ಲೂಕಿನ ಎಡೆಯೂರಿನಲ್ಲಿ ನೆಲಸಿದ ತೋಂಟದ ಸಿದ್ಧಲಿಂಗ ಯತಿಗಳ ಶಿಷ್ಯಪರಂಪರೆಯವರು ವಚನಗಳನ್ನು ಅರಸಿ, ಓಲೆಗಿಳಿಸಿ, ಸಂಕಲಿಸಿ ನಾಡಿಗೆ ಹಂಚಿದರು. ಶೂನ್ಯಸಂಪಾದನೆಯ ಚರಿತ್ರೆಯನ್ನೇ ನೋಡಬಹುದು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ರಚಿಸಿದ ಆ ಗ್ರಂಥವನ್ನು ಹಲಗೆಯಾರ್ಯರು ತಿದ್ದಿದರು. ಸಿದ್ಧರಾಮರ ದೀಕ್ಷಾಪ್ರಸಂಗವು ಅವರಿಗೆ ಸಮ್ಮತವಾಗಲಿಲ್ಲ. ಗುಮ್ಮಳಾಪುರದ ಸಿದ್ಧಲಿಂಗಯತಿಗಳು ಅದನ್ನು ಮರಳಿ ಪರಿಷ್ಕರಿಸಿದರು. ಕಡೆಗೆ ಗೂಳೂರು ಸಿದ್ಧವೀರಣ್ಣೊಡೆಯರು ನಾಲ್ಕನೆಯ ರೂಪವನ್ನು ಕೊಟ್ಟರು. ಹಿಂದಿನವರ ಬರೆಹವು ಮುಂದಿನವರ ಕೈಗೆ ತೆರೆದಿದ್ದುದರಿಂದಲೇ ಗ್ರಂಥವು ಬೆಳೆಯಿತು.

ಗಣಕಯಂತ್ರದ ವಿದ್ಯೆಗೂ ಈ ನ್ಯಾಯವೇ ಸಲ್ಲುವುದು. ಯಂತ್ರವು ಶರೀರವಾದರೆ ತಂತ್ರಾಂಶವು ಅದರ ಪ್ರಾಣ. ಅದೂ ಮನುಷ್ಯರು ಬರೆದ ಆಜ್ಞೆಗಳ ಮಾಲೆಯೇ ಹೊರತು ಬೇರೆಯಲ್ಲ. ವರ್ತಕರಲ್ಲಿ ಹಲವರು ಆ ಬರೆಹವನ್ನು ಮುಚ್ಚಿಟ್ಟು, ಬಳಸುವ ಅಪ್ಪಣೆಯನ್ನು ಮಾತ್ರ ಮಾರುವರು. ಕೊಂಡವನು ಒಳಗೇನಿದೆಯೆಂದು ನೋಡುವಂತಿಲ್ಲ, ತಿದ್ದುವಂತಿಲ್ಲ, ನೆರೆಯವನಿಗೆ ಕೊಡುವಂತಿಲ್ಲ. ಇದನ್ನೊಪ್ಪದ ಅಮೆರಿಕೆಯ ರಿಚರ್ಡ್ ಸ್ಟಾಲ್ಮನ್ನರು 1983ರಲ್ಲಿ ಗ್ನೂ ಎಂಬ ಕಾರ್ಯವನ್ನು ಸಾರಿದರು. ಬಳಸುವುದು, ಬಿಚ್ಚಿ ಅಭ್ಯಸಿಸುವುದು, ಹಂಚುವುದು, ತಿದ್ದಿ ಹಂಚುವುದು ಎಂಬ ನಾಲ್ಕು ಸ್ವಾತಂತ್ರ್ಯಗಳು ಈ ಮಾರ್ಗದ ಮೂಲ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸರು ಹೊರತಂದ ಲಿನಕ್ಸ್ ಇದರೊಡನೆ ಕೂಡಿತು. ಬೆಲೆಯಿಲ್ಲದಿರುವುದು ಮುಕ್ತ ತಂತ್ರಾಂಶದ ಮುಖ್ಯ ಗುಣವಲ್ಲ. ಬಾಗಿಲು ತೆರೆದಿರುವುದೇ ಅದರ ಮುಖ್ಯ ಗುಣ.

ಶಾಲೆಗೆ ಇದರ ಪ್ರಯೋಜನವು ಇಮ್ಮಡಿ. ಗುಬ್ಬಿಯ ಶಾಲೆಗೆ ಬಂದ ಇಂತಹ ತಂತ್ರಾಂಶವನ್ನು ಕುಣಿಗಲಿನ ಶಾಲೆಗೆ ನಕಲು ಮಾಡಿ ಕೊಟ್ಟರೆ ಕಳವಾಗದು. ಮಗುವು ಮನೆಗೊಯ್ದರೆ ತಪ್ಪಾಗದು. ಉಪಾಧ್ಯಾಯರು ಜಿಯೋಜೀಬ್ರದಲ್ಲಿ ತ್ರಿಭುಜವನ್ನೆಳೆದು, ಅದರ ಶೃಂಗವನ್ನು ಎತ್ತೆತ್ತ ಸರಿಸಿದರೂ ಮೂರು ಕೋನಗಳ ಮೊತ್ತವು 180 ಡಿಗ್ರಿಯಾಗಿಯೇ ನಿಲ್ಲುವುದನ್ನು ಕಣ್ಣಾರೆ ತೋರಿಸಬಹುದು. ಕನ್ನಡಕ್ಕಾದ ಉಪಕಾರವೂ ಅಲ್ಪವಲ್ಲ. ವರ್ತಕನು ಲಾಭ ಕಂಡಾಗ ಮಾತ್ರ ಕನ್ನಡವನ್ನು ಸೇರಿಸುವನು. ಇಲ್ಲಿಯಾದರೆ ಬಲ್ಲವರೆಲ್ಲರೂ ಸೇರಿಸಬಹುದು. ಲಿಬ್ರೆ ಆಫೀಸಿನ ಆಜ್ಞೆಗಳು ಕನ್ನಡದಲ್ಲಿ ದೊರೆಯುವುವು. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರರೂಪಗಳು ಡೆಬಿಯನ್ ಎಂಬ ತಂತ್ರಾಂಶ ಭಂಡಾರವನ್ನು ಸೇರಿವೆ. ಹೆಸರು ಹಕ್ಕಿಯದಾದರೂ ಗುಬ್ಬಿಯ ಮಕ್ಕಳಿಗೆ ಅದು ಊರ ಹೆಸರಾಗಿಯೇ ಕಂಡೀತು. ವಚನ ಸಂಚಯವೆಂಬ ಕಾರ್ಯದ ಮೂಲಕ ಸುಮಾರು 20,000 ವಚನಗಳು ಪದಪದವಾಗಿ ಹುಡುಕುವಂತೆ ಸರ್ವರಿಗೂ ತೆರೆದಿವೆ.

ಈ ಕಾರ್ಯಕ್ಕೆ ಕಾಯಕಜೀವಿಗಳೂ ದೊರೆತಿರುವರು. ಕೇರಳದಲ್ಲಿ 2001ರಲ್ಲಿ ಮೊದಲಾದ ಐಟಿ ಅಟ್ ಸ್ಕೂಲ್ ಯೋಜನೆಯು ಮುಂದೆ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರ ಫಲವನ್ನುಂಡರು. ಕರ್ನಾಟಕದಲ್ಲಿ ಐಟಿ ಫಾರ್ ಚೇಂಜ್ ಎಂಬ ಸೇವಾಸಂಸ್ಥೆಯು ಶಿಕ್ಷಣ ಇಲಾಖೆಯೊಡನೆ ಕೂಡಿ, 2011ರಿಂದ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳ ಶಿಕ್ಷಕರಿಗೆ ಉಬುಂಟು ಮೊದಲಾದುವನ್ನು ಕಲಿಸಿತು. ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ, ಅಂಬೇಡ್ಕರ್ ಹೆಸರಿನ ಗಣಕಕೇಂದ್ರದಲ್ಲಿ, ತಂತ್ರಜ್ಞ ಸ್ವಯಂಸೇವಕರು ಬಿಡುವಿನ ದಿನ ಬಂದು ಬಡಮಕ್ಕಳಿಗೆ ಈ ವಿದ್ಯೆಯನ್ನು ಧಾರೆಯೆರೆದರು. ಅಲ್ಲಿಯ ಮಕ್ಕಳು ಜಿಂಪ್ ಎಂಬ ಸಾಧನದಿಂದ ಚಿತ್ರಗಳನ್ನು ರಚಿಸಿದರು.

ಆದರೆ ಒಂದು ಮಾತನ್ನು ಮರೆಯಲಾಗದು. ಸ್ವಯಂಸೇವಕರು ಒಂದು ದಿನ ಬಂದು ಯಂತ್ರಗಳಿಗೆ ಮುಕ್ತ ತಂತ್ರಾಂಶವನ್ನು ತುಂಬಿ, ಭಾವಚಿತ್ರ ತೆಗೆಸಿಕೊಂಡು ಹೊರಟುಹೋದರೆ ಕಾರ್ಯವು ಮುಗಿಯಲಿಲ್ಲ. ಮರುದಿನ ಯಂತ್ರವೊಂದು ಕೆಟ್ಟು ನಿಂತಾಗ ಸರಿಪಡಿಸುವವರಿಲ್ಲದೆ ಕೊಠಡಿಗೆ ಬೀಗ ಬೀಳುವುದು. ತೆರೆದ ತಂತ್ರಾಂಶವು ಮುಚ್ಚಿದ ಕೋಣೆಯಲ್ಲಿದ್ದರೆ ಅದರ ಸ್ವಾತಂತ್ರ್ಯವು ಯಾರಿಗೆ? ಪರೀಕ್ಷೆಯ ಒತ್ತಡದಲ್ಲಿ ಬಳಲುವ ಉಪಾಧ್ಯಾಯರನ್ನು ದೂಷಿಸಿಯೂ ಫಲವಿಲ್ಲ. ಅವರಿಗೆ ಬೇಕಾದುದು ಬಿಡುವು ಮತ್ತು ಮರಳಿ ಮರಳಿ ಬರುವ ಜೊತೆಗಾರ.

ಆದಕಾರಣ ಸೇವೆಯ ಅಳತೆಯು ಎಷ್ಟು ಶಾಲೆಗಳಿಗೆ ಹೋದರೆಂಬುದಲ್ಲ. ಹೋದವರು ಬರದಿದ್ದರೂ ಎಷ್ಟು ಶಾಲೆಗಳಲ್ಲಿ ವಿದ್ಯೆಯು ನಡೆಯುತ್ತಿದೆಯೆಂಬುದು. ತುಮಕೂರಿನಲ್ಲಿ ತಾಂತ್ರಿಕ ಮಹಾವಿದ್ಯಾಲಯಗಳಿವೆ. ಸಿದ್ಧಗಂಗೆಯದು 1963ರಲ್ಲಿಯೇ ಸ್ಥಾಪಿತವಾಯಿತು. ಅಲ್ಲಿ ಕಲಿಯುವ ತರುಣರಿಗೆ ಗುಬ್ಬಿಯಾಗಲಿ ಕುಣಿಗಲಾಗಲಿ ದೂರವಲ್ಲ. ಒಬ್ಬೊಬ್ಬ ತರುಣನು, ಒಬ್ಬೊಬ್ಬ ತರುಣಿಯು ಒಂದೊಂದು ಶಾಲೆಯನ್ನು ವರ್ಷಪರ್ಯಂತ ಹಿಡಿದು, ಒಬ್ಬ ಉಪಾಧ್ಯಾಯರನ್ನೂ ನಾಲ್ವರು ಮಕ್ಕಳನ್ನೂ ತಾವೇ ಕೆಡಿಸಿ ತಾವೇ ಕಟ್ಟುವಷ್ಟು ಬಲ್ಲವರನ್ನಾಗಿ ಮಾಡಿದರೆ ಸಾಕು. ಆ ನಾಲ್ವರು ಮುಂದಿನವರಿಗೆ ಕಲಿಸುವರು.

ಗೂಳೂರಿನ ಒಡೆಯರು ಓಲೆಯನ್ನು ಕೇವಲ ನಕಲು ಮಾಡಲಿಲ್ಲ. ಅರಿತು, ತಿದ್ದಿ, ಕೈದಾಟಿಸಿದರು. ದಾಸೋಹದಲ್ಲಿ ಉಂಡವನು ನಾಳೆ ಬಡಿಸುವವನಾಗಬೇಕು. ಈ ನೆಲದ ಶಾಲೆಗಳಲ್ಲಿ ಆ ಪಂಕ್ತಿಯು ಮುಂದುವರಿಯಲಿ.