ಮೊದಲ ಪತ್ರ ಬರೆದುಕೊಟ್ಟವರು



ನಂದಿಕೂರಿನವರೊಬ್ಬರು ಪಡುಬಿದ್ರಿ ಪೇಟೆಯಿಂದ ಒಂದು ಮಿಕ್ಸಿ ತಂದರು ಎಂದಿಟ್ಟುಕೊಳ್ಳಿ. ತಿಂಗಳು ತುಂಬುವ ಮೊದಲೇ ಅದು ಕೆಟ್ಟಿತು. ಅಂಗಡಿಯವರು ಕಂಪನಿಯನ್ನು ಕೇಳಿ ಅಂದರು. ಕಂಪನಿಗೆ ಫೋನು ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಅಂತ ಯಂತ್ರ ಹೇಳುತ್ತಲೇ ಇತ್ತು. ಎರಡು ಸಾವಿರ ರೂಪಾಯಿಗೆ ವಕೀಲರ ಮನೆ ಮೆಟ್ಟಿಲು ಹತ್ತುವುದು ಯಾರಿಗೆ ಬೇಕು? ನಷ್ಟವನ್ನು ನುಂಗಿಕೊಂಡು ಹೆಚ್ಚಿನವರು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಡಿ ಎಂದು ಹೇಳಿ, ಪುಕ್ಕಟೆಯಾಗಿ ದೂರು ಬರೆದುಕೊಟ್ಟವರ ಚರಿತ್ರೆ ನಮ್ಮ ಉಡುಪಿ ಸೀಮೆಯಲ್ಲಿದೆ. ಅದು ಗ್ರಾಹಕ ಕಾಯ್ದೆಗಿಂತಲೂ ಹಳೆಯದು.

ಕಾಯ್ದೆ ಇಲ್ಲದಾಗ ಏನಿತ್ತು? ಬ್ರಿಟಿಷರ ಕಾಲದ ಎರಡು ಶಾಸನಗಳಿದ್ದವು, 1872ರ ಕರಾರು ಕಾಯ್ದೆ ಮತ್ತು 1930ರ ಸರಕು ಮಾರಾಟ ಕಾಯ್ದೆ. ಕೊಳ್ಳುವವನೇ ನೋಡಿ ಕೊಳ್ಳಬೇಕು ಎಂಬುದು ಆ ಕಾಲದ ನ್ಯಾಯದ ಧೋರಣೆ. ಮೋಸವಾಯಿತೆಂದರೆ ಸಿವಿಲ್ ದಾವೆ ಹೂಡಬೇಕು, ಕೋರ್ಟು ಫೀಸು ಕಟ್ಟಬೇಕು, ವಾಯಿದೆಯಿಂದ ವಾಯಿದೆಗೆ ಅಲೆಯಬೇಕು. ಅಳತೆಯೂ ಊರಿಗೊಂದು ಬಗೆಯಾಗಿತ್ತು. ನಮ್ಮಲ್ಲಿ ಅಕ್ಕಿ ಮುಡಿ, ಕಳಸಿಗೆ, ಸೇರು, ಕುಡ್ತೆಗಳಲ್ಲಿ ಕೈಬದಲಾಗುತ್ತಿತ್ತು. 1956ರ ಕಾಯ್ದೆಯಿಂದ ಕಿಲೋ, ಲೀಟರು ಬಂದವು. 1977ರ ನಿಯಮಗಳಿಂದ ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಕರ ಹೆಸರು ಅಚ್ಚಾದವು. ಮೋಸವನ್ನು ಸಾಬೀತು ಮಾಡಲು ಕೊಳ್ಳುವವರಿಗೊಂದು ಆಧಾರ ಸಿಕ್ಕಿತು. ಅದನ್ನು ಹಿಡಿದು ಎಲ್ಲಿಗೆ ಹೋಗಬೇಕೆಂದು ಹೇಳುವವರು ಮಾತ್ರ ಇರಲಿಲ್ಲ.

ಹೊರಗಿನ ಜಗತ್ತಿನಲ್ಲಿ ಆ ಹೊತ್ತಿಗೆ ಗಾಳಿ ಬದಲಾಗಿತ್ತು. 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಕೆನಡಿ ಅಲ್ಲಿನ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಬಳಕೆದಾರರ ನಾಲ್ಕು ಹಕ್ಕುಗಳನ್ನು ಹೆಸರಿಸಿದರು: ಸುರಕ್ಷತೆ, ಮಾಹಿತಿ, ಆಯ್ಕೆ, ಅಹವಾಲು ಹೇಳಿಕೊಳ್ಳುವ ಅವಕಾಶ. 1966ರಲ್ಲಿ ಮುಂಬಯಿಯ ಒಂಬತ್ತು ಮಂದಿ ಮಹಿಳೆಯರು ಸೇರಿ ಗ್ರಾಹಕರಿಗೆ ಮಾರ್ಗದರ್ಶನ ನೀಡುವ ಸಂಘ ಕಟ್ಟಿದರು. ಇವೆಲ್ಲ ದೊಡ್ಡ ಊರಿನ ಸಂಗತಿಗಳು. ಹಳ್ಳಿಯಲ್ಲೂ ಇದು ಸಾಧ್ಯ ಎಂದು ತೋರಿಸಿದ್ದು ಬಸ್ರೂರು.

ಕುಂದಾಪುರದ ಪಕ್ಕದ ಬಸ್ರೂರು ಒಂದು ಕಾಲಕ್ಕೆ ಅಕ್ಕಿ ಹಡಗೇರುತ್ತಿದ್ದ ಬಂದರು. ಪೋರ್ಚುಗೀಸರ ಬಾರ್ಸಲೋರ್ ಅದೇ. ಆ ಹಳೆಯ ವ್ಯಾಪಾರದ ಊರಲ್ಲೇ 1980ರ ಸುಮಾರಿಗೆ ಬಳಕೆದಾರರ ವೇದಿಕೆ ಹುಟ್ಟಿತು. ಅದರ ಹಿಂದೆ ಇದ್ದವರು ಮಣಿಪಾಲದಲ್ಲಿ ಔಷಧಶಾಸ್ತ್ರ ಕಲಿಸುತ್ತಿದ್ದ ಡಾ. ರವೀಂದ್ರನಾಥ ಶಾನುಭಾಗ್. ಗ್ರಾಹಕ ನ್ಯಾಯಾಲಯ ಎಂಬುದು ದೇಶದಲ್ಲೇ ಇಲ್ಲದ ಕಾಲ ಅದು. ಆಗ ಇಂಥ ವೇದಿಕೆಯ ಕೈಯಲ್ಲಿದ್ದುದು ಕಾಗದ, ಅಂಚೆಚೀಟಿ, ಮತ್ತು ಯಾವ ದೂರನ್ನು ಯಾರಿಗೆ ಬರೆಯಬೇಕೆಂಬ ತಿಳಿವಳಿಕೆ, ಅಷ್ಟೇ. ಬಂದವರ ಕಥೆಯನ್ನು ಪೂರ್ತಿ ಕೇಳಬೇಕು. ಅದರಲ್ಲಿ ಸಿಟ್ಟೆಷ್ಟು, ಸಾಕ್ಷಿಯೆಷ್ಟು ಎಂದು ಬೇರ್ಪಡಿಸಬೇಕು. ರಸೀದಿಯ ತಾರೀಕು ನೋಡಿ, ನಡೆದದ್ದನ್ನು ಕ್ರಮವಾಗಿ ಬರೆದು, ಎದುರು ಪಕ್ಷದ ಹೊಣೆಗಾರ ಅಧಿಕಾರಿಗೇ ತಲುಪುವಂತೆ ಕಳಿಸಬೇಕು. ಎಷ್ಟೋ ತಕರಾರುಗಳು ಇಂಥ ಒಂದು ನೇರ ಪತ್ರಕ್ಕೇ ಮುಗಿಯುತ್ತವೆ. ಬರೆದವರ ಹಿಂದೆ ಬಲ್ಲವರಿದ್ದಾರೆ ಎಂದು ಗೊತ್ತಾದ ಕೂಡಲೇ ಉತ್ತರದ ಧಾಟಿಯೇ ಬೇರೆಯಾಗುತ್ತದೆ.

ಬಸ್ರೂರಿನ ಈ ಕೆಲಸ ಮುಂದೆ ಉಡುಪಿಗೂ ಹಬ್ಬಿತು. ಇದಕ್ಕೆ ನೆಲ ಹದವಾಗಿತ್ತು. ಓದುಬರಹ ಬಲ್ಲವರು ಹೆಚ್ಚಿದ್ದ ಸೀಮೆ ಇದು. ಉಡುಪಿಯಲ್ಲಿ 1906ರಲ್ಲೂ 1925ರಲ್ಲೂ ಬ್ಯಾಂಕುಗಳು ಹುಟ್ಟಿದ್ದವು. 1928ರಿಂದ ಪಿಗ್ಮಿ ಸಂಗ್ರಾಹಕರು ಮನೆಬಾಗಿಲಿಗೇ ಬಂದು ದಿನಕ್ಕೆರಡಾಣೆಯಂಥ ಪುಡಿಗಾಸನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದರು. ಸಣ್ಣ ಮೊತ್ತಕ್ಕೂ ದಾಖಲೆ ಬೇಕೆಂಬುದನ್ನು ಇಲ್ಲಿನ ಬೀಡಿ ಕಟ್ಟುವ ಹೆಂಗಸರೂ ಅರಿತಿದ್ದರು.

1985ರಲ್ಲಿ ವಿಶ್ವಸಂಸ್ಥೆ ಬಳಕೆದಾರರ ರಕ್ಷಣೆಗೆ ಮಾರ್ಗಸೂಚಿ ಹೊರಡಿಸಿತು. ಮರುವರ್ಷ ಡಿಸೆಂಬರ್ 24ರಂದು ನಮ್ಮ ಗ್ರಾಹಕರ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಮೂರು ಹಂತದ ವ್ಯವಸ್ಥೆ ಬಂತು. ಆರಂಭದಲ್ಲಿ 1 ಲಕ್ಷ ರೂಪಾಯಿವರೆಗಿನ ದೂರು ಜಿಲ್ಲಾ ಮಟ್ಟದಲ್ಲೇ ಇತ್ಯರ್ಥವಾಗಬಹುದಿತ್ತು. ಶುಲ್ಕವಿರಲಿಲ್ಲ, ವಕೀಲರು ಬೇಕೇಬೇಕೆಂದಿರಲಿಲ್ಲ. ನೋಂದಾಯಿತ ಸ್ವಯಂಸೇವಾ ಸಂಘವೂ ದೂರು ಕೊಡಬಹುದು ಎಂದು ಕಾಯ್ದೆಯೇ ಒಪ್ಪಿತು.

ಆಮೇಲಿನ ಎರಡು ತೀರ್ಪುಗಳು ಅದರ ವ್ಯಾಪ್ತಿಯನ್ನು ಹಿಗ್ಗಿಸಿದವು. ಸರಕಾರಿ ಪ್ರಾಧಿಕಾರಗಳ ಸೇವೆಯೂ ಸೇವೆಯೇ ಎಂದು 1993ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಣ ಪಡೆದು ಕೊಡುವ ವೈದ್ಯಕೀಯ ಚಿಕಿತ್ಸೆಯೂ ಇದರೊಳಗೆ ಬರುತ್ತದೆ ಎಂದು 1995ರಲ್ಲಿ ಸಾರಿತು. ಮಣಿಪಾಲದಂಥ ಆಸ್ಪತ್ರೆಗಳ ಊರು ಇರುವ ನಮ್ಮ ಸೀಮೆಗೆ ಇದು ಸಣ್ಣ ಸುದ್ದಿಯಲ್ಲ. 1997ರ ಆಗಸ್ಟ್‌ನಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಅದುವರೆಗೆ ಕಾರ್ಕಳದವರಿಗೂ ಕಾಪುವಿನವರಿಗೂ ದೂರು ಹಿಡಿದು ಹೋಗಬೇಕಾದ ಜಿಲ್ಲಾ ಕೇಂದ್ರವೆಂದರೆ ಮಂಗಳೂರೇ ಆಗಿತ್ತು.

ಕಾಲ ಕಳೆದಂತೆ ಸರಳ ವ್ಯವಸ್ಥೆಗೂ ಕಚೇರಿಯ ಜಡ್ಡು ಹತ್ತಿತು. 2003ರಿಂದ ಶುಲ್ಕ ಬಂತು. ಪರೀಕ್ಷೆ ಬೇಕಿಲ್ಲದ ದೂರು ಮೂರು ತಿಂಗಳಲ್ಲಿ, ಪ್ರಯೋಗಾಲಯಕ್ಕೆ ಹೋಗುವಂಥದ್ದು ಐದು ತಿಂಗಳಲ್ಲಿ ಮುಗಿಯಬೇಕೆಂಬುದು ಹೆಚ್ಚಾಗಿ ಪುಸ್ತಕದಲ್ಲೇ ಉಳಿಯಿತು. ಕಂಪನಿಗಳು ವಕೀಲರನ್ನು ನಿಲ್ಲಿಸಿದವು, ವಾಯಿದೆಗಳು ಬೆಳೆದವು. ಖಾಲಿ ಹುದ್ದೆ ತುಂಬದ ಸರಕಾರಗಳ ಬಗ್ಗೆ 2021ರಲ್ಲಿ ಸುಪ್ರೀಂ ಕೋರ್ಟೇ ಸ್ವಯಂಪ್ರೇರಿತವಾಗಿ ವಿಚಾರಣೆಗಿಳಿಯಬೇಕಾಯಿತು.

ಈಗ ಇರುವುದು 2019ರ ಕಾಯ್ದೆ, 2020ರ ಜುಲೈ 20ರಿಂದ ಜಾರಿಗೆ ಬಂದದ್ದು. ಹಳೆಯ ಕಾಯ್ದೆಯಲ್ಲಿ ಜಿಲ್ಲಾ ವೇದಿಕೆ ಎನ್ನುತ್ತಿದ್ದುದು ಈಗ ಜಿಲ್ಲಾ ಆಯೋಗವಾಗಿದೆ. ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ ಸಾಕು. 5 ಲಕ್ಷದವರೆಗೆ ಶುಲ್ಕವಿಲ್ಲ. ವಸ್ತುವನ್ನು ಬೆಂಗಳೂರಿನಿಂದ ತರಿಸಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಡುವು ಎರಡು ವರ್ಷ. 1915ಕ್ಕೆ ಫೋನು ಮಾಡಿದರೆ ಸಲಹೆ ಉಚಿತ. ಮಹಿಳೆಯರು, ಕಾರ್ಮಿಕರು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರನ್ನೂ ಪಡೆಯಬಹುದು.

ಸೌಲಭ್ಯ ಇಷ್ಟೆಲ್ಲ ಇದೆ. ಆದರೆ ಮಕ್ಕಳೆಲ್ಲ ಮುಂಬಯಿಯಲ್ಲೋ ದುಬೈಯಲ್ಲೋ ಇದ್ದು, ಊರಿನ ಮನೆಯಲ್ಲಿ ಇಬ್ಬರೇ ಉಳಿದ ಅಜ್ಜ ಅಜ್ಜಿಗೆ ಆನ್‌ಲೈನ್ ಅರ್ಜಿ ತುಂಬಿಸಿ ಎಂದರೆ ಅದು ಸಹಾಯವೇ? ಮೊಬೈಲಿಗೆ ಬರುವ ಒಟಿಪಿಯನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬಲ್ಲೇ ಅವರು ಮೋಸ ಹೋಗುತ್ತಿದ್ದಾರೆ. ಅವರಿಗೆ ಬೇಕಾದದ್ದು ಪಕ್ಕದಲ್ಲಿ ಕುಳಿತು ಬಿಲ್ಲು ಓದಿ ಹೇಳುವ ಒಬ್ಬ ಮನುಷ್ಯ.

ಅಂಥ ಸಹಾಯ ನಂದಿಕೂರಿಗೆ ಅಸಾಧ್ಯವಲ್ಲ. ಸಮೀಪದ ಉಷ್ಣವಿದ್ಯುತ್ ಸ್ಥಾವರದ ವಿಚಾರವಾಗಿ ಇಲ್ಲಿನ ಜನಜಾಗೃತಿ ಸಮಿತಿ ವರ್ಷಗಟ್ಟಲೆ ದಾಖಲೆ ಹಿಡಿದು ಹೋರಾಡಿ, 2022ರಲ್ಲಿ ಹಸಿರು ನ್ಯಾಯಮಂಡಳಿಯಿಂದ ಪರಿಹಾರದ ಆದೇಶ ಪಡೆಯಿತು. ಅಷ್ಟು ದೊಡ್ಡ ಕಡತ ನಿಭಾಯಿಸಿದ ಊರಿಗೆ ಮಿಕ್ಸಿಯ ರಸೀದಿ ಯಾವ ಲೆಕ್ಕ? ನಿವೃತ್ತ ಮಾಸ್ತರರೊಬ್ಬರು, ಅಂಚೆ ಕಚೇರಿಯಲ್ಲಿ ದುಡಿದವರೊಬ್ಬರು, ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ತಿಂಗಳಿಗೊಂದು ಸಂಜೆ ಯುವಕ ಮಂಡಲದಲ್ಲೋ ಗ್ರಂಥಾಲಯದಲ್ಲೋ ಕೂತರೆ ಸಾಕು. ಕಾಯ್ದೆ ಇಲ್ಲದ ದಿನಗಳಲ್ಲಿ ಬಸ್ರೂರಿನವರು ಆರಂಭಿಸಿದ್ದು ಇದಕ್ಕಿಂತ ಕಡಿಮೆ ಅನುಕೂಲದಲ್ಲಿ. ನಿಮ್ಮೂರಿನಲ್ಲಿ ಅಂಥ ಮೂವರು ಯಾರೆಂದು ಈಗಲೇ ನಿಮಗೆ ಹೊಳೆದಿರಬಹುದು. ನಾಳೆಯೇ ಅವರನ್ನು ಕೇಳಿ ನೋಡಿ.