ಮುಖದ ಚರ್ಮದ ಕ್ಯಾನ್ಸರ್: ಅಂಜಿಕೆಯನ್ನು ನಿಭಾಯಿಸುವ ಬಗೆ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳೆಗೆ ರೋಗ ಬಿದ್ದರೆ ಎಲೆ ಕಿತ್ತು ತಂದು ತೋರಿಸುವ ರೈತ, ತನ್ನ ಮೂಗಿನ ಮೇಲೆ ವರ್ಷದಿಂದ ಮಾಯದೆ ಕುಳಿತ ಹುಣ್ಣನ್ನು ಯಾರಿಗೂ ತೋರಿಸುವುದಿಲ್ಲ. ಕೇಳಿದರೆ "ಮುಳ್ಳು ತರಚಿದ್ದು" ಎನ್ನುತ್ತಾನೆ. ಇದಕ್ಕೆ ಅಸಡ್ಡೆಯೊಂದೇ ಕಾರಣವಲ್ಲ, ಬಹಳ ಸಲ ಅಂಜಿಕೆಯೂ ಇರುತ್ತದೆ. ವೈದ್ಯರು ಏನು ಹೇಳಿಬಿಡುತ್ತಾರೋ, ಮುಖಕ್ಕೇ ಕತ್ತಿ ಹಾಕುತ್ತಾರೋ, ಊರವರು ಏನೆಂದುಕೊಳ್ಳುತ್ತಾರೋ ಎಂಬ ಯೋಚನೆ ಅವನನ್ನು ಮನೆಯಲ್ಲೇ ಕೂರಿಸುತ್ತದೆ. ಮುಖದ ಚರ್ಮದ ಕ್ಯಾನ್ಸರಿನಲ್ಲಿ ದಿನ ಕಳೆದಷ್ಟೂ ಕತ್ತರಿಸಿ ತೆಗೆಯಬೇಕಾದ ಭಾಗ ಹೆಚ್ಚುತ್ತದೆ. ಆದ್ದರಿಂದ ಈ ಅಂಜಿಕೆಯನ್ನು ನಿಭಾಯಿಸುವುದೂ ಚಿಕಿತ್ಸೆಯ ಒಂದು ಭಾಗವೇ ಆಗಿದೆ.

ಮೊದಲು ರೋಗದ ವಿಚಾರ. ನಮ್ಮ ಜನರ ಚರ್ಮದಲ್ಲಿರುವ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಬಿಸಿಲಿನ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಹೀಗಾಗಿ ಬಿಳಿಯರ ದೇಶಗಳಿಗೆ ಹೋಲಿಸಿದರೆ ಇಲ್ಲಿ ಈ ರೋಗ ಕಡಿಮೆ. ಆದರೆ ಇಲ್ಲವೆಂದಲ್ಲ. ಬಿಸಿಲಿನಲ್ಲಿ ನಲವತ್ತು ಐವತ್ತು ವರ್ಷ ದುಡಿದವರಲ್ಲಿ, ಹಳೆಯ ಸುಟ್ಟಗಾಯದ ಕಲೆಯುಳ್ಳವರಲ್ಲಿ, ಹುಟ್ಟಿನಿಂದಲೇ ಮೈಯೆಲ್ಲ ಬಿಳುಪಾಗಿ ಕೂದಲೂ ಬಿಳುಪಾಗಿರುವವರಲ್ಲಿ ಇದು ಕಂಡುಬರುತ್ತದೆ. ಈ ಕೊನೆಯವರಿಗೆ ಅಪಾಯ ಎಲ್ಲರಿಗಿಂತ ಹೆಚ್ಚು. ಅವರಿಗೆ ಹೊಲದ ಕೂಲಿಯಲ್ಲದೆ ಬೇರೆ ಕೆಲಸವಿಲ್ಲದಿದ್ದರೆ ಮನೆಯವರು ಅವರನ್ನು ನಡು ಹಗಲಿನ ಬಿಸಿಲಿಗೆ ಕಳಿಸದಿರುವುದು ಒಳ್ಳೆಯದು. ತೊನ್ನು ಎಂಬುದು ಬೇರೆಯೇ ಸಂಗತಿ, ಅದು ಕ್ಯಾನ್ಸರ್ ಅಲ್ಲ.

ಮುಖದಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು ಬಗೆ. ಒಂದು ಬೇಸಲ್ ಸೆಲ್ ಕಾರ್ಸಿನೋಮ. ಮೂಗು, ಕಣ್ಣಿನ ಮೂಲೆ, ರೆಪ್ಪೆ, ಕೆನ್ನೆಗಳ ಮೇಲೆ ಹೊಳಪುಳ್ಳ ಚಿಕ್ಕ ಗಂಟಾಗಿ ಏಳುತ್ತದೆ. ನಮ್ಮವರಲ್ಲಿ ಅನೇಕ ವೇಳೆ ಕಪ್ಪಗಿರುವುದರಿಂದ ಮಚ್ಚೆಯೆಂದೇ ತಿಳಿಯುತ್ತಾರೆ. ನಡುವೆ ಹುಣ್ಣಾಗಿ, ಹಕ್ಕು ಕಟ್ಟಿ, ಉದುರಿ, ಮತ್ತೆ ರಕ್ತ ಒಸರುತ್ತದೆ. ಇಲಿ ಕೊರೆದ ಹಾಗೆ ಅಂಚಿನಿಂದ ತಿನ್ನುತ್ತ ಹೋಗುವುದರಿಂದ ಇದಕ್ಕೆ ಇಂಗ್ಲಿಷಿನಲ್ಲಿ ಇಲಿಹುಣ್ಣು ಎಂಬ ಅರ್ಥದ ಹಳೆಯ ಹೆಸರೇ ಇದೆ. ಡಬ್ಲಿನ್ನಿನ ವೈದ್ಯ ಆರ್ಥರ್ ಜೇಕಬ್ 1827ರಲ್ಲಿಯೇ ಇದನ್ನು ವರ್ಣಿಸಿದ್ದರು. ಇದು ಬಹಳ ನಿಧಾನವಾಗಿ ಬೆಳೆಯುತ್ತದೆ, ದೇಹದ ಬೇರೆ ಭಾಗಗಳಿಗೆ ಹರಡುವುದು ತೀರ ಅಪರೂಪ. ಆದರೆ ಬಿಟ್ಟರೆ ಮೂಗಿನ ಮೃದ್ವಸ್ಥಿಯನ್ನೂ ಕಣ್ಣಿನ ರೆಪ್ಪೆಯನ್ನೂ ತಿಂದುಹಾಕುತ್ತದೆ. ಇನ್ನೊಂದು ಬಗೆಯಾದ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಸ್ವಲ್ಪ ವೇಗದ್ದು. ಅದು ಕೆಳತುಟಿ, ಕಿವಿ, ಹಳೆಯ ಕಲೆಗಳ ಮೇಲೆ ಒರಟಾಗಿ ಏಳುತ್ತದೆ, ಕುತ್ತಿಗೆಯ ಗ್ರಂಥಿಗಳಿಗೆ ಹರಡಬಲ್ಲದು. ಮೆಲನೋಮ ಎಂಬ ಮೂರನೆಯದು ನಮ್ಮಲ್ಲಿ ಅಪರೂಪ, ಬಂದರೂ ಹೆಚ್ಚಾಗಿ ಅಂಗಾಲಿನಲ್ಲಿ.

ನಾಲ್ಕು ವಾರ ಕಳೆದರೂ ಮಾಯದ ಹುಣ್ಣು, ತಾನಾಗಿ ರಕ್ತ ಒಸರುವ ಗಂಟು, ದೊಡ್ಡದಾಗುತ್ತಿರುವ ಮಚ್ಚೆ ಇವನ್ನು ಚರ್ಮವೈದ್ಯರಿಗೆ ತೋರಿಸಬೇಕು. ಇವುಗಳಲ್ಲಿ ಅನೇಕವು ಕ್ಯಾನ್ಸರ್ ಆಗಿರುವುದಿಲ್ಲ. ಬಚ್ಚಿಟ್ಟುಕೊಂಡವನಿಗೆ ಮಾತ್ರ ಆ ಸಮಾಧಾನದ ಮಾತನ್ನು ಕೇಳುವ ಅವಕಾಶವೂ ತಪ್ಪುತ್ತದೆ. ಸುಣ್ಣ ಸೋಡಾ ಕಲಸಿ ಹಚ್ಚುವುದು, ಗೇರಿನ ಸೊನೆ ಇಡುವುದು, ಕೂದಲು ಕಟ್ಟುವುದು ಇವು ಮೇಲಿನ ಗಂಟನ್ನು ಸುಟ್ಟು ಬೀಳಿಸಬಹುದು. ಕೆಳಗಿನ ಬೇರು ಹಾಗೆಯೇ ಉಳಿದು, ಕಲೆಯ ಅಡಿಯಲ್ಲಿ ಕಣ್ಣಿಗೆ ಕಾಣದೆ ಬೆಳೆಯುತ್ತದೆ. ಕಳೆಯನ್ನು ಕುಡುಗೋಲಿನಿಂದ ಸವರಿದರೆ ಏನಾಗುತ್ತದೆಂಬುದು ರೈತನಿಗೆ ಹೊಸದಲ್ಲ.

ಅರವತ್ತು ದಾಟಿದ ಒಬ್ಬ ರಾಗಿ ಬೆಳೆಗಾರನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮಗನ ಒತ್ತಾಯಕ್ಕೆ ಜಿಲ್ಲಾ ಆಸ್ಪತ್ರೆಗೆ ಬಂದಿದ್ದಾನೆ. ವೈದ್ಯರು "ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು" ಎಂದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಕತ್ತಿ ತಾಗಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆಂದು ಪಕ್ಕದ ಮನೆಯವರು ಹೇಳಿದ್ದಾರೆ. ಇದು ನಿಜವಲ್ಲ. ಚರ್ಮದ ಈ ಬಯಾಪ್ಸಿಯಿಂದ ರೋಗ ಹರಡುವುದಿಲ್ಲ. ಮರಗಟ್ಟುವ ಚುಚ್ಚುಮದ್ದು ಕೊಟ್ಟು ಕಾಳಿನಷ್ಟು ತುಣುಕನ್ನು ತೆಗೆಯುತ್ತಾರೆ. ಚುಚ್ಚುಮದ್ದಿನ ಉರಿ ಅರೆ ನಿಮಿಷ ಇರುತ್ತದೆ, ಅಷ್ಟೇ. ಆ ಮೊದಲು ಸಕ್ಕರೆ ಕಾಯಿಲೆಯಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಹೇಳಬೇಕು, ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು.

ಆಮೇಲೆ ಬರುವುದು ಕಾಯುವ ದಿನಗಳು. ರೋಗದ ಇಡೀ ಅವಧಿಯಲ್ಲಿ ಇವೇ ಬಹುಶಃ ಎಲ್ಲಕ್ಕಿಂತ ಕಷ್ಟದವು. ವರದಿ ತಡವಾದರೆ "ಏನೋ ಕೆಟ್ಟದ್ದಿದೆ, ಅದಕ್ಕೇ ಹೇಳುತ್ತಿಲ್ಲ" ಎಂದು ರೋಗಿ ಎಣಿಸುತ್ತಾನೆ. ನಿಜವಾದ ಕಾರಣ ಬೇರೆ. ತುಣುಕನ್ನು ಫಾರ್ಮಲಿನ್ ದ್ರಾವಣದಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ, ಕೂದಲೆಳೆಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ತಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇದಕ್ಕೆ ಕೆಲವು ದಿನಗಳು, ಕೆಲವೊಮ್ಮೆ ವಾರಕ್ಕೂ ಹೆಚ್ಚು ಹಿಡಿಯುತ್ತದೆ. ವರದಿ ಎಂದು ಬರುತ್ತದೆ, ಯಾರನ್ನು ಕೇಳಬೇಕು ಎಂಬುದನ್ನು ಹೊರಡುವ ಮೊದಲೇ ಚೀಟಿಯಲ್ಲಿ ಬರೆಸಿಕೊಂಡರೆ ಅರ್ಧ ತಳಮಳ ಕಡಿಮೆಯಾಗುತ್ತದೆ. ಈ ದಿನಗಳಲ್ಲಿ ಹೊಲದ ಕೆಲಸ ಬಿಟ್ಟು ಹಾಸಿಗೆ ಹಿಡಿಯಬೇಕಾದ ಅಗತ್ಯವಿಲ್ಲ. ಗಾಯಕ್ಕೆ ಧೂಳು ತಾಗದಂತೆ ನೋಡಿಕೊಂಡು ದನಕ್ಕೆ ಮೇವು ಹಾಕುವುದು, ನೀರು ಹಾಯಿಸುವುದು ನಡೆಯಲಿ. ಕೈಗೆ ಕೆಲಸವಿದ್ದಾಗ ಮನಸ್ಸು ಅಷ್ಟಾಗಿ ಕೆಟ್ಟದ್ದರ ಕಡೆಗೆ ಓಡುವುದಿಲ್ಲ.

ವರದಿಯಲ್ಲಿ ಕ್ಯಾನ್ಸರ್ ಎಂದು ಬಂದರೆ ಮನೆಯವರು ಮಾಡುವ ಮೊದಲ ಕೆಲಸ ಅದನ್ನು ಮುಚ್ಚಿಡುವುದು. "ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ಎದೆ ಒಡೆದುಕೊಂಡಾರು" ಎಂದು ಮಗ ಬಾಗಿಲ ಹೊರಗೆ ಕೈ ಮುಗಿಯುತ್ತಾನೆ. ಪ್ರೀತಿಯಿಂದಲೇ ಆಡಿದ ಮಾತು ಅದು, ಸಂದೇಹವಿಲ್ಲ. ಆದರೆ ಅಪ್ಪ ದಡ್ಡನಲ್ಲ. ಸೊಸೆಯ ಮುಖ, ಪಿಸುಮಾತು, ದಿಢೀರನೆ ಹೆಚ್ಚಿದ ಉಪಚಾರ ಇವೆಲ್ಲವನ್ನೂ ಅವನು ನೋಡುತ್ತಾನೆ, ಇರುವುದಕ್ಕಿಂತ ಹತ್ತು ಪಾಲು ಕೆಟ್ಟದ್ದನ್ನು ಊಹಿಸಿಕೊಳ್ಳುತ್ತಾನೆ. ಕ್ಯಾನ್ಸರ್ ಎಂದರೆ ಊರಿನಲ್ಲಿ ಸತ್ತ ಒಬ್ಬಿಬ್ಬರ ನೆನಪೇ ಅವನಿಗೆ ಬರುವುದು, ಅವರಿಗೆ ಬಂದದ್ದು ಬಾಯಿಯದೋ ಹೊಟ್ಟೆಯದೋ ಆಗಿದ್ದರೂ ಸರಿ. ಬೇಸಲ್ ಸೆಲ್ ಬಗೆಯದನ್ನು ಮೊದಲ ಸಲವೇ ಸರಿಯಾಗಿ ತೆಗೆದರೆ 100 ಮಂದಿಯಲ್ಲಿ 90ಕ್ಕಿಂತ ಹೆಚ್ಚು ಮಂದಿಗೆ ಅದು ಮರುಕಳಿಸುವುದಿಲ್ಲ. ಸ್ಕ್ವಾಮಸ್ ಬಗೆಯದನ್ನೂ ಚಿಕ್ಕದಿರುವಾಗ ತೆಗೆದರೆ ಬಹುತೇಕ ಗುಣವಾಗುತ್ತದೆ. ಈ ಮಾತನ್ನು ವೈದ್ಯರ ಬಾಯಿಂದ ನೇರವಾಗಿ ಕೇಳುವ ಹಕ್ಕು ರೋಗಿಯದು. ಹೋಗುವಾಗ ಗಟ್ಟಿ ಮನಸ್ಸಿನವರೊಬ್ಬರು ಜೊತೆಗಿರಲಿ. ಯಾವ ಬಗೆಯದು, ಎಷ್ಟು ಅಗಲ ತೆಗೆಯುತ್ತಾರೆ, ಎಷ್ಟು ದಿನ ಬಿಸಿಲಿಗೆ ಹೋಗಬಾರದು ಎಂಬ ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು ಹೋಗಲಿ. ಭಯಗೊಂಡ ಮನಸ್ಸಿಗೆ ಕೇಳಿದ ಮಾತು ನಿಲ್ಲುವುದಿಲ್ಲ.

ಶಸ್ತ್ರಚಿಕಿತ್ಸೆಯ ವಿಚಾರದಲ್ಲಿ ಒಂದು ಸಂಗತಿಯನ್ನು ಮುಂಚೆಯೇ ತಿಳಿದಿರಬೇಕು. ಕಣ್ಣಿಗೆ ಕಾಣುವ ಗಂಟಿನ ಸುತ್ತ ನಾಲ್ಕಾರು ಮಿಲಿಮೀಟರಿನಷ್ಟು ಆರೋಗ್ಯವಂತ ಚರ್ಮವನ್ನೂ ಸೇರಿಸಿ ತೆಗೆಯುತ್ತಾರೆ. ಆದ್ದರಿಂದ ಗಾಯ ಗಂಟಿಗಿಂತ ದೊಡ್ಡದೇ ಇರುತ್ತದೆ. ಇದನ್ನು ತಿಳಿಯದವನು ಪಟ್ಟಿ ಬಿಚ್ಚಿದ ದಿನ ಕನ್ನಡಿ ನೋಡಿ ಕುಸಿಯುತ್ತಾನೆ. ತೆಗೆದ ಭಾಗದ ಅಂಚನ್ನು ಮತ್ತೆ ಪರೀಕ್ಷಿಸುತ್ತಾರೆ. ಅಂಚಿನಲ್ಲಿ ರೋಗದ ಕಣಗಳು ಉಳಿದಿದ್ದರೆ ಎರಡನೆಯ ಸಲ ಸ್ವಲ್ಪ ತೆಗೆಯಬೇಕಾಗುತ್ತದೆ. ರೋಗ ತಿರುಗಿ ಬಂತೆಂದು ಇದರ ಅರ್ಥವಲ್ಲ, ಮೊದಲಿನ ಕೆಲಸವನ್ನು ಪೂರ್ತಿ ಮಾಡುತ್ತಿದ್ದಾರೆ ಎಂದಷ್ಟೇ. ಮುಖಕ್ಕೆ ರಕ್ತಸಂಚಾರ ಧಾರಾಳವಾಗಿರುವುದರಿಂದ ಗಾಯ ಬೇಗ ಕೂಡುತ್ತದೆ. ಹೊಲಿಗೆಯನ್ನು ಸಾಮಾನ್ಯವಾಗಿ 5ರಿಂದ 7 ದಿನಗಳಲ್ಲಿ ಬಿಚ್ಚುತ್ತಾರೆ.

ಗಾಯ ದೊಡ್ಡದಾದರೆ ಚರ್ಮದ ಕಸಿ ಮಾಡುತ್ತಾರೆ. ಕಸಿಯೆಂದರೆ ರೈತನಿಗೆ ವಿವರಿಸಬೇಕಾಗಿಲ್ಲ. ಕಿವಿಯ ಹಿಂದಿನ ಚರ್ಮವನ್ನು ಬಿಡಿಸಿ ತಂದು ಕೂರಿಸುವುದು ಒಂದು ಕ್ರಮ. ಮೂಗಿನ ಬಹುಭಾಗ ಹೋಗಿದ್ದರೆ ಹಣೆಯ ಚರ್ಮವನ್ನು ಬುಡ ಕತ್ತರಿಸದೆ ಕೆಳಕ್ಕೆ ತಿರುಗಿಸಿ ಮೂಗಿಗೆ ಹೊಲಿಯುತ್ತಾರೆ. ಮಾವಿನ ಹಳೆಯ ಕಸಿ ಪದ್ಧತಿಯಲ್ಲಿ ತಾಯಿಮರದ ರೆಂಬೆಯನ್ನು ಕತ್ತರಿಸದೆಯೇ ಕುಂಡದ ಸಸಿಗೆ ಕಟ್ಟಿ, ಕೂಡಿದ ಮೇಲೆ ಬೇರ್ಪಡಿಸುತ್ತಿದ್ದರಲ್ಲ, ಇದೂ ಹಾಗೆಯೇ. ಸುಮಾರು ಮೂರು ವಾರ ಹಣೆಯಿಂದ ಮೂಗಿಗೆ ಚರ್ಮದ ಸೇತುವೆಯೊಂದು ಇಳಿಬಿದ್ದಿರುತ್ತದೆ. ನೋಡಿದ ಮಕ್ಕಳು ಹೆದರುವುದುಂಟು. ಆಮೇಲೆ ಅದನ್ನು ಕತ್ತರಿಸಿ ಸರಿಪಡಿಸುತ್ತಾರೆ. ಈ ವಿದ್ಯೆ ನಮ್ಮ ದೇಶದ್ದೇ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತುಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬಾತ 1792ರಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ. ಪುಣೆಯ ಕಡೆಯ ಒಬ್ಬ ನಾಡವೈದ್ಯ ಅವನ ಹಣೆಯ ಚರ್ಮದಿಂದಲೇ ಹೊಸ ಮೂಗು ಕಟ್ಟಿಕೊಟ್ಟ. ಇದರ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಮೇತ ಅಚ್ಚಾಯಿತು. ಅಲ್ಲಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಅದನ್ನು ಓದಿ ಕಲಿತು 1814ರಲ್ಲಿ ತಾನೂ ಮಾಡಿದ. ಆ ಗಾಡಿಯವನಿಗೆ ಮರಗಟ್ಟುವ ಮದ್ದು ಸಹ ಇರಲಿಲ್ಲ.

ವಯಸ್ಸಾದವರಿಗೆ, ಶಸ್ತ್ರಚಿಕಿತ್ಸೆ ಒಗ್ಗದವರಿಗೆ ವಿಕಿರಣ ಚಿಕಿತ್ಸೆ ಕೊಡುವುದುಂಟು. ಹಳ್ಳಿಗಳಲ್ಲಿ ಇದನ್ನು "ಕರೆಂಟು ಕೊಡುವುದು" ಎನ್ನುತ್ತಾರೆ. ಈ ಹೆಸರಿನಿಂದಲೇ ಎಷ್ಟೋ ಮಂದಿ ಹೆದರಿ ಓಡಿದ್ದಾರೆ. ಇದರಲ್ಲಿ ವಿದ್ಯುತ್ತಿನ ಹೊಡೆತವಿಲ್ಲ. ಎಕ್ಸ್‌ರೇ ತೆಗೆಸಿದ ಹಾಗೆ ಕೆಲವು ನಿಮಿಷ ಅಲ್ಲಾಡದೆ ಮಲಗಬೇಕು, ಆಗ ನೋವಿರುವುದಿಲ್ಲ. ವಾರಗಳ ಕಾಲ ಹೋಗಿ ಬರಬೇಕಾಗುತ್ತದೆ, ಚರ್ಮ ಕೆಂಪಾಗಿ ಒಣಗುತ್ತದೆ, ಆಮೇಲೆ ಸರಿಹೋಗುತ್ತದೆ. ಹೊರಗಿನ ಯಂತ್ರದಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯುವುದಿಲ್ಲವಾದ್ದರಿಂದ ಅಜ್ಜ ಮನೆಗೆ ಬಂದು ಮೊಮ್ಮಗುವನ್ನು ಎತ್ತಿಕೊಳ್ಳಬಹುದು. ಈ ರೋಗ ಮುಟ್ಟಿದರೆ ಅಂಟುವುದೂ ಇಲ್ಲ. ತಟ್ಟೆ ಲೋಟ ಬೇರೆ ಇಡುವ ಮನೆಗಳು ಇನ್ನೂ ಇರುವುದು ವಿಷಾದದ ಸಂಗತಿ.

ಖರ್ಚಿನ ಯೋಚನೆಯೂ ರಾತ್ರಿಯ ನಿದ್ದೆ ಕೆಡಿಸುವಂಥದೇ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಈ ಚಿಕಿತ್ಸೆ ದೊರೆಯುತ್ತದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಪಡಿತರ ಚೀಟಿ, ಆಧಾರ್ ಜೊತೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನೂ ಒಯ್ಯುವುದು ಒಳ್ಳೆಯದು. ಕೊಯ್ಲು ಮುಗಿಯಲಿ, ನಾಟಿ ಮುಗಿಯಲಿ ಎಂದು ರೈತ ತಾನೇ ದಿನ ಮುಂದೂಡಬಾರದು. ಎಷ್ಟು ವಾರ ಕಾಯಬಹುದೆಂದು ವೈದ್ಯರನ್ನೇ ಕೇಳಬೇಕು. ಬೇಸಲ್ ಸೆಲ್ ಬಗೆಯದಾದರೆ ಎರಡು ಮೂರು ವಾರಕ್ಕೆ ಅವರು ಒಪ್ಪಿಯಾರು, ಸ್ಕ್ವಾಮಸ್ ಬಗೆಯದಾದರೆ ಬೇಗ ಬರಲು ಹೇಳಿಯಾರು.

ಇಷ್ಟೆಲ್ಲ ತಿಳಿದ ಮೇಲೂ ಅಂಜಿಕೆ ಪೂರ್ತಿ ಹೋಗುವುದಿಲ್ಲ, ಹೋಗಬೇಕೆಂದು ಹಟ ಹಿಡಿಯುವುದೂ ಬೇಡ. "ಧೈರ್ಯವಾಗಿರು, ಅಳಬೇಡ" ಎಂದು ಬಂದವರೆಲ್ಲ ಹೇಳಿದರೆ ರೋಗಿ ಬಾಯಿ ಮುಚ್ಚಿಕೊಂಡು ಒಳಗೇ ಕುದಿಯುತ್ತಾನೆ. ಹೆಂಡತಿಯೋ ಹಳೆಯ ಗೆಳೆಯನೋ ಪಕ್ಕದಲ್ಲಿ ಕುಳಿತು, ಬುದ್ಧಿ ಹೇಳದೆ ಕೇಳಿಸಿಕೊಂಡರೆ ಅದರಿಂದ ಹೆಚ್ಚು ಉಪಕಾರ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆಂಬ ಮಾತು ಬಾಯಿಗೆ ಬಂದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಹೆಂಡದಿಂದ ನಿದ್ದೆ ತರಿಸಿಕೊಳ್ಳುವ ಅಭ್ಯಾಸ ಅಂಜಿಕೆಯನ್ನು ಮರುದಿನಕ್ಕೆ ಇಮ್ಮಡಿ ಮಾಡುತ್ತದೆ.

ಕಲೆ ಮೊದಲ ಕೆಲವು ತಿಂಗಳು ಕೆಂಪಗೆ ಉಬ್ಬಿರುತ್ತದೆ. ವರ್ಷದೊಳಗೆ ಮೆತ್ತಗಾಗಿ ಬಣ್ಣ ತಿಳಿಯಾಗುತ್ತದೆ. ಮೊದಲ ಸಲ ಸಂತೆಗೆ, ಮದುವೆಗೆ ಹೋಗುವಾಗ ಎಲ್ಲರ ಕಣ್ಣೂ ತನ್ನ ಮೂಗಿನ ಮೇಲೇ ಇದೆ ಎನಿಸುವುದು ಸಹಜ. ಕೇಳಿದವರಿಗೆ "ಗಂಟಿತ್ತು, ತೆಗೆಸಿದೆ, ವಾಸಿಯಾಯಿತು" ಎಂಬ ಒಂದು ಉತ್ತರವನ್ನು ಸಿದ್ಧವಾಗಿಟ್ಟುಕೊಂಡರೆ ಸಾಕು. ಎರಡು ಮೂರು ಸಂತೆ ಕಳೆದ ಮೇಲೆ ಊರವರು ರಾಗಿಯ ಬೆಲೆಯನ್ನೇ ಮಾತನಾಡುತ್ತಾರೆ.

ತಲೆಗೆ ಸುತ್ತಿದ ರುಮಾಲಾಗಲಿ ಅಡಕೆ ಹಾಳೆಯ ಟೊಪ್ಪಿಯಾಗಲಿ ನೆತ್ತಿಯನ್ನು ಕಾಯುತ್ತದೆಯೇ ಹೊರತು ಮೂಗಿಗೂ ಕಿವಿಗೂ ನೆರಳು ಕೊಡುವುದಿಲ್ಲ. ಸುತ್ತಲೂ ಅಗಲ ಅಂಚಿರುವ ಟೊಪ್ಪಿ ಬೇಕು. ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಬಿಸಿಲಿನ ಕೆಲಸವನ್ನು ಆದಷ್ಟು ಬೆಳಗಿನ ಜಾವಕ್ಕೆ, ಇಳಿಹೊತ್ತಿಗೆ ಹೊಂದಿಸಬೇಕು. ಮೊದಲ ವರ್ಷಗಳಲ್ಲಿ ವೈದ್ಯರು ಹೇಳಿದಂತೆ ಮೂರು ತಿಂಗಳಿಗೋ ಆರು ತಿಂಗಳಿಗೋ ತೋರಿಸಿಕೊಂಡು ಬರಬೇಕು. ಆ ದಿನ ಹತ್ತಿರ ಬಂದಾಗ ಹಳೆಯ ಅಂಜಿಕೆ ಮತ್ತೆ ತಲೆಯೆತ್ತುತ್ತದೆ, ಹೋಗಿ ಬಂದ ಮೇಲೆ ಇಳಿಯುತ್ತದೆ. ದಿನವೂ ಕನ್ನಡಿ ನೋಡಿ ಮುಟ್ಟಿ ಮುಟ್ಟಿ ಪರೀಕ್ಷಿಸುವುದು ಬೇಡ, ತಿಂಗಳಿಗೊಮ್ಮೆ ಸಾಕು. ಕಿವಿಯ ಹಿಂಭಾಗ, ಕುತ್ತಿಗೆಯ ಹಿಂಭಾಗ ತನಗೆ ಕಾಣುವುದಿಲ್ಲವಾದ್ದರಿಂದ ಅದನ್ನು ಮನೆಯಾಕೆಗೋ ಕ್ಷೌರದವನಿಗೋ ಹೇಳಿಟ್ಟಿದ್ದರೆ, ಹೊಸ ಗಂಟೋ ಹುಣ್ಣೋ ಕಂಡಾಗ ಅವರೇ ತಿಳಿಸುತ್ತಾರೆ.